ಅನುಭವವನ್ನು ಎಲ್ಲಿಂದ ತರಬೇಕು?

ಪದವಿ ಮುಗಿಸಿ ಕೆಲಸವಿಲ್ಲದೆ ಕುಳಿತ ಹುಡುಗ ಹುಡುಗಿಯರು ಇಂದು ನಮ್ಮ ಊರಿನ ಪ್ರತಿಯೊಂದು ಕೇರಿಯಲ್ಲಿಯೂ ಇದ್ದಾರೆ. ಗಿರಣಿ ಕೆಲಸಗಾರನ ಮಗ, ಕಿರಾಣಿ ಅಂಗಡಿಯವನ ಮಗಳು, ವೆಬ್ ಡೆವಲಪ್‌ಮೆಂಟ್ ಕಲಿಯುತ್ತ ಮೊದಲ ಕೆಲಸಕ್ಕಾಗಿ ಅರ್ಜಿಯ ಮೇಲೆ ಅರ್ಜಿ ಹಾಕುತ್ತಿದ್ದಾರೆ. ಬಹುಪಾಲು ಅರ್ಜಿಗಳಿಗೆ ಉತ್ತರವೇ ಇಲ್ಲ. ಬಂದರೆ, “ಎರಡು ವರ್ಷದ ಅನುಭವ ಬೇಕು” ಎಂಬ ಉತ್ತರ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಗೇಟಿನ ಮುಂದೆ ಕಾಯುವುದು ಗಿರಣಿಯವರಿಗೆ ಹೊಸದಲ್ಲ. ಬದಲಿ ಕೆಲಸಗಾರನು ಇಂದು ಕರೆಯುವರೋ ಇಲ್ಲವೋ ಎಂದು ಬೆಳಗಿನ ಪಾಳಿಗೆ ಬಂದು ನಿಲ್ಲುತ್ತಿದ್ದುದನ್ನು ನಾವೆಲ್ಲರೂ ಬಲ್ಲೆವು. ಆದರೂ ಒಂದು ವ್ಯತ್ಯಾಸವುಂಟು. ಅವನು ಒಳಗೆ ಹೋದ ದಿನ ಮಾಲೀಕನ ಮಗ್ಗದ ಮೇಲೆ, ಅನುಭವಸ್ಥನ ಪಕ್ಕದಲ್ಲಿ ನಿಂತು, ಅಂದಿನ ಕೂಲಿ ಪಡೆಯುತ್ತಲೇ ಕಲಿಯುತ್ತಿದ್ದನು. ಇಂದಿನ ಹುಡುಗನಾದರೋ ತನ್ನ ಕಂಪ್ಯೂಟರಿನಲ್ಲಿ, ತನ್ನ ಮನೆಯ ವಿದ್ಯುತ್ತಿನಲ್ಲಿ, ತಂದೆಯ ಸಂಪಾದನೆಯಲ್ಲಿ ಎಲ್ಲವನ್ನೂ ಕಲಿತು ಬರಬೇಕು. ಕಲಿಸುವ ಖರ್ಚು ಮಾಲೀಕನ ಲೆಕ್ಕದಿಂದ ತಂದೆತಾಯಿಗಳ ಲೆಕ್ಕಕ್ಕೆ ವರ್ಗವಾಗಿದೆ. ಮೂಲ ಪ್ರಶ್ನೆ ಇದು.

ಒಳಗೆ ಕಾಲಿಟ್ಟವರ ಪಾಡೂ ಭದ್ರವಲ್ಲ. 2025ರ ಫೆಬ್ರವರಿಯಲ್ಲಿ ಇನ್ಫೋಸಿಸ್ ಕಂಪನಿಯು ಮೈಸೂರಿನ ತರಬೇತಿ ಕೇಂದ್ರದಿಂದ 300ಕ್ಕೂ ಹೆಚ್ಚು ಹೊಸಬರನ್ನು ಹೊರಗೆ ಕಳುಹಿಸಿತು. ಮೂರು ಅವಕಾಶ ಕೊಟ್ಟರೂ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲವೆಂದು ಕಂಪನಿ ಹೇಳಿತು. ಅವರಲ್ಲಿ ಅನೇಕರು ಆಯ್ಕೆಯಾದ ಮೇಲೆ ಎರಡು ವರ್ಷದಷ್ಟು ಕಾಲ ಕರೆಗಾಗಿ ಕಾದಿದ್ದವರು. ಆ ಎರಡು ವರ್ಷಗಳಿಗೆ ಬೆಲೆ ಕಟ್ಟುವವರು ಯಾರು?

ಹಾಗಾದರೆ ಈ ವಿದ್ಯೆ ಎಂಥದು? ಮನೆ ಕಟ್ಟುವುದಕ್ಕೆ ಹೋಲಿಸಿದರೆ, ಎಚ್‌ಟಿಎಂಎಲ್ ಎಂಬುದು ಗೋಡೆ ಬಾಗಿಲು. ಸಿಎಸ್‌ಎಸ್ ಎಂಬುದು ಸುಣ್ಣಬಣ್ಣ. ಜಾವಾಸ್ಕ್ರಿಪ್ಟ್ ಎಂಬುದು ಗುಂಡಿ ಒತ್ತಿದರೆ ದೀಪ ಹತ್ತುವ ವ್ಯವಸ್ಥೆ. ಇವುಗಳ ಹಿಂದೆ ಲೆಕ್ಕಪತ್ರಗಳನ್ನು ಕಾಪಾಡುವ ಡೇಟಾಬೇಸ್ ಎಂಬ ಉಗ್ರಾಣ. ತಿಳಿಯಲಾಗದ ಮಂತ್ರವಲ್ಲ, ತಾಳ್ಮೆಯಿಂದ ಕೈಗೆ ಬರುವ ಕಸುಬು. ವರ್ಲ್ಡ್ ವೈಡ್ ವೆಬ್ಬನ್ನು 1989ರಲ್ಲಿ ಜಿನೀವಾದ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಎಂಬಾತನು ಯೋಜಿಸಿದನು. 1993ರ ಏಪ್ರಿಲ್ 30ರಂದು ಆ ಸಂಸ್ಥೆ ಅದನ್ನು ಯಾವ ಶುಲ್ಕವೂ ಇಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟಿತು. ಹೀಗೆ ಉಚಿತವಾಗಿ ಬಂದುದನ್ನೇ ಇಂದು “ಕೆಲಸದ ಗ್ಯಾರಂಟಿ” ಎಂಬ ಫಲಕದ ಕೆಳಗೆ ಹತ್ತಾರು ಸಾವಿರ ರೂಪಾಯಿಗೆ ಮಾರುವವರಿದ್ದಾರೆ. ಮನೆಯ ಒಡವೆ ಅಡವಿಟ್ಟು ಈ ಗ್ಯಾರಂಟಿ ಕೊಳ್ಳಬೇಡಿರೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ. ಕೆಲಸ ಕೊಡುವುದಕ್ಕೆ ಮುಂಚೆ ಠೇವಣಿ ಕೇಳುವವನು ಕೆಲಸ ಕೊಡುವವನಲ್ಲ.

2014ರಲ್ಲಿ ಆರಂಭವಾದ ಫ್ರೀಕೋಡ್‌ಕ್ಯಾಂಪ್, ಮೊಜಿಲ್ಲಾದ ಎಂಡಿಎನ್, ಇವುಗಳಲ್ಲಿ ಪಾಠಗಳು ಉಚಿತವಾಗಿಯೇ ಇವೆ. ಅವು ಇಂಗ್ಲಿಷಿನಲ್ಲಿರುವುದರಿಂದ ಕನ್ನಡದಲ್ಲಿ ಓದಿದವರಿಗೆ ಮೊದಮೊದಲು ಕಷ್ಟವೆಂಬುದು ನಿಜ. ಅದಕ್ಕಾಗಿಯೇ ಒಬ್ಬೊಬ್ಬರೇ ಕೋಣೆಯಲ್ಲಿ ಕೂಡದೆ ನಾಲ್ವರು ಸೇರಿ ಓದಬೇಕು. ಪಾಠ ನೋಡಿ ತಲೆಯಾಡಿಸಿದರೆ ಸಾಲದು. ಈಜುವುದನ್ನು ದಡದಲ್ಲಿ ಕುಳಿತು ಕಲಿತವರಿಲ್ಲ. ಏನನ್ನಾದರೂ ಮಾಡಿ ಮುಗಿಸಬೇಕು.

ಇಲ್ಲಿ ವರ್ತಕ ಬಂಧುಗಳಿಂದ ಒಂದು ಉಪಕಾರವಾಗಬಹುದು. ನಿಮ್ಮ ಉದ್ರಿ ಪುಸ್ತಕವನ್ನೇ ತೆಗೆದುಕೊಳ್ಳಿ. ಯಾರು, ಎಷ್ಟು, ಎಂದಿನಿಂದ ಬಾಕಿ, ಹೆಸರು ಹೇಳಿದರೆ ಲೆಕ್ಕ ತೋರಬೇಕು, ಅನ್ಯರು ನೋಡಬಾರದು, ಒಂದು ಪೈಸೆಯೂ ತಪ್ಪಬಾರದು. ಇದನ್ನು ಮಾಡಿಕೊಡುವ ಹುಡುಗಿಗೆ ಈ ಕಸುಬಿನ ಮುಖ್ಯ ಭಾಗಗಳೆಲ್ಲವೂ ಪರಿಚಯವಾಗುತ್ತವೆ. ನಿಮ್ಮ ಅಂಗಡಿಯಲ್ಲಿ ನಡೆಯುತ್ತಿರುವ ಆ ಕೆಲಸವನ್ನು ಬೆಂಗಳೂರಿನ ಕಂಪನಿಯ ಮುಂದೆ ತೋರಿಸಿ, “ಇದು ನನ್ನ ಅನುಭವ” ಎನ್ನಬಲ್ಲಳು. ಆದರೆ ಅದಕ್ಕೆ ಕೂಲಿ ಕೊಡಿ. ಚಿಕ್ಕದಾದರೂ ಸರಿ, ಬಿಟ್ಟಿ ಕೆಲಸ ಬೇಡ.

ಯಂತ್ರವೇ ಕೋಡ್ ಬರೆಯುವಾಗ ಕಲಿತು ಪ್ರಯೋಜನವೇನೆಂದು ಕೆಲವರು ಕೇಳುತ್ತಾರೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಂದಿನಿಂದ ಈ ಭಯ ಹೆಚ್ಚಿದೆ. ಅದು ಆಧಾರವಿಲ್ಲದ ಭಯವೂ ಅಲ್ಲ. ಆದರೆ ಸ್ವಯಂಚಾಲಿತ ಮಗ್ಗ ಬಂದಾಗಲೂ ಎಳೆ ಕಡಿದುದನ್ನು ಕಂಡುಹಿಡಿಯುವ ಕಣ್ಣು ಬೇಕಾಯಿತು. ಯಂತ್ರ ಬರೆದುದರಲ್ಲಿ ತಪ್ಪು ತೋರಿಸಬಲ್ಲವನಿಗೆ ಬೆಲೆಯುಂಟು. ಅದನ್ನು ಓದಲಾರದೆ ಒಪ್ಪಿಸುವವನಿಗೆ ಇಲ್ಲ.

ಇಷ್ಟು ಕಲಿಯುವವರ ಕರ್ತವ್ಯ. ಸರ್ಕಾರದ ಮತ್ತು ಉದ್ಯಮದ ಕರ್ತವ್ಯವೇನು? ಅಪ್ರೆಂಟಿಸ್ ಕಾಯಿದೆ 1961ರಿಂದಲೂ ಇದೆ. 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇಕಡ 2.5ರಿಂದ 15ರಷ್ಟು ಅಪ್ರೆಂಟಿಸರನ್ನು ಭತ್ಯೆ ಕೊಟ್ಟು ಇಟ್ಟುಕೊಳ್ಳಬೇಕೆಂದು 2019ರ ನಿಯಮ ಹೇಳುತ್ತದೆ. ಸಾಫ್ಟ್‌ವೇರ್ ಕಂಪನಿಗಳು ಇದನ್ನು ಎಷ್ಟರಮಟ್ಟಿಗೆ ಪಾಲಿಸುತ್ತಿವೆ ಎಂಬ ಲೆಕ್ಕವನ್ನು ಸರ್ಕಾರ ಕಂಪನಿವಾರು ಪ್ರಕಟಿಸಲಿ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಆರಂಭವಾದ ಯುವನಿಧಿಯ ಪ್ರಕಾರ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿ, ಎರಡು ವರ್ಷದವರೆಗೆ. ಅದು ಇಂಟರ್‌ನೆಟ್ಟಿಗೂ ಬಸ್ ಚಾರ್ಜಿಗೂ ಆದೀತು. ಕೆಲಸದ ಸ್ಥಾನವನ್ನು ತುಂಬಲಾರದು.

ಇನ್ನೊಂದು ಬೇಡಿಕೆ ನಮ್ಮ ಊರಿಗೇ ಸಂಬಂಧಿಸಿದ್ದು. ಮನೆ, ಅಂಗಡಿಗಳ ಆಸ್ತಿ ತೆರಿಗೆಯೊಡನೆ ನಾವು ಶೇಕಡ 6ರಷ್ಟು ಗ್ರಂಥಾಲಯ ಕರ ತೆರುತ್ತೇವೆ. ಮೊಬೈಲಿನಲ್ಲಿ ಪಾಠ ನೋಡಬಹುದು. ಕಸುಬು ಕಲಿಯಲು ಕೀಲಿಮಣೆ ಬೇಕು. ನಗರ ಗ್ರಂಥಾಲಯದಲ್ಲಿ ಹತ್ತು ಕಂಪ್ಯೂಟರುಗಳಿರಲಿ, ರಾತ್ರಿ ಒಂಬತ್ತರವರೆಗೆ ಬಾಗಿಲು ತೆರೆದಿರಲಿ. ಇದು ಭಿಕ್ಷೆಯಲ್ಲ, ನಾವು ತೆತ್ತ ಹಣದ ಬಾಬತ್ತು.

ತಂದೆತಾಯಿಗಳಲ್ಲಿ ಕೊನೆಯ ಮಾತು. ಮೊದಲ ಕೆಲಸ ಸಿಗದಿರುವುದು ಮಕ್ಕಳ ಸೋಮಾರಿತನದ ಗುರುತಲ್ಲ. ಬದಲಿಯವನಾಗಿ ನಿಂತ ದಿನಗಳಲ್ಲಿ ನಿಮ್ಮನ್ನು ಯಾರಾದರೂ ಸೋಮಾರಿ ಎಂದಿದ್ದರೆ ಒಪ್ಪುತ್ತಿದ್ದಿರಾ? ಹಂಗಿಸಬೇಡಿ. ಅವರಿಗೆ ಒಂದು ಮೇಜು, ಒಂದು ದೀಪ, ಒಂದಿಷ್ಟು ಕಾಲ ಕೊಡಿ. ಬಾಕಿ ಹಕ್ಕನ್ನು ಎಲ್ಲರೂ ಸೇರಿ ಕೇಳೋಣ.