ಹತ್ತು ಮಕ್ಕಳಿಗೊಬ್ಬ ಮೇಷ್ಟರು, ಒಂದು ಹಳ್ಳಕ್ಕೊಂದು ಸಂಕ

ಮಳೆಗಾಲದಲ್ಲಿ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ಪ್ರಯಾಣಿಕರು, ಮಂಡಗದ್ದೆ ಸಮೀಪಿಸಿತೆಂದರೆ ತೂಕಡಿಕೆಯಿಂದ ಎಚ್ಚೆತ್ತು ಕಿಟಕಿಯ ಕಡೆಗೆ ಹೊರಳುವುದು ವಾಡಿಕೆ. ತುಂಗೆಯ ನಡುವಿನ ಪುಟ್ಟ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಆಗ ಸಂಸಾರ ಹೂಡಿರುತ್ತವೆ. ಹಸುರು ಮರಗಳು ಬಿಳಿಯ ಹೂ ಬಿಟ್ಟಂತೆ ತೋರುವ ಆ ನೋಟವನ್ನು ಎಷ್ಟು ಸಲ ಕಂಡರೂ ಕಣ್ಣು ತಣಿಯದು. ಕಳೆದ ಆಷಾಢದಲ್ಲಿ ನಾನೂ ಅಲ್ಲಿ ಬಸ್ಸಿನಿಂದ ಇಳಿದೆ. ಹಕ್ಕಿಗಳನ್ನು ನೋಡುವುದಕ್ಕಲ್ಲ, ಅಲ್ಲಿಂದ ಒಳಗೆ, ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯನಾಗಿರುವ ನನ್ನ ಹಳೆಯ ಸಹಪಾಠಿಯನ್ನು ಕಾಣುವುದಕ್ಕೆ.

ಮಳೆ ಹಿಡಿದ ಮಧ್ಯಾಹ್ನ. ಎರಡೇ ಕೋಣೆಗಳ ಶಾಲೆ. ಎಲ್ಲ ತರಗತಿಗಳೂ ಸೇರಿ ಮಕ್ಕಳು ಇಪ್ಪತ್ತಕ್ಕೆ ಒಂದು ಕಡಿಮೆ. ಮಿತ್ರನು ಬಾಯಿಲೆಕ್ಕ ಹೇಳಿಸುತ್ತಿದ್ದ. ಮೂಲೆಯ ಕುರ್ಚಿಯಲ್ಲಿ, ಬೀಳದಂತೆ ಒಂದು ಶಾಲಿನಿಂದ ಬಿಗಿದು ಕೂರಿಸಿದ್ದ ಒಂಬತ್ತು ವರ್ಷದ ಹುಡುಗನ ಸರದಿ ಬಂತು. ಹುಟ್ಟುವಾಗಲೇ ಬಂದ ಮಿದುಳಿನ ಪಾರ್ಶ್ವವಾಯು ಅವನ ಕಾಲುಗಳನ್ನು ಸೆಟೆಸಿದೆ, ನಾಲಗೆಯನ್ನು ತಡೆಸಿದೆ. ಬುದ್ಧಿಯನ್ನು ಮಾತ್ರ ಮುಟ್ಟಿಲ್ಲ. ಉತ್ತರ ಅವನ ಬಾಯಿಂದ ಹೊರಬರಲು ಅರ್ಧ ನಿಮಿಷವೇ ಹಿಡಿಯಿತು. ಉತ್ತರ ಸರಿಯಾಗಿತ್ತು. ನನ್ನನ್ನು ಬೆರಗುಗೊಳಿಸಿದುದು ಆ ಉತ್ತರವಲ್ಲ. ಆ ಅರ್ಧ ನಿಮಿಷವೂ ಉಳಿದ ಮಕ್ಕಳು ನಗದೆ, ಗುಜುಗುಟ್ಟದೆ, ಅದು ಅತ್ಯಂತ ಸಹಜವೆಂಬಂತೆ ಕಾದು ಕುಳಿತಿದ್ದುದು. ಕಾಲೇಜಿನಲ್ಲಿ ನನ್ನ ವಿದ್ಯಾರ್ಥಿಗಳು ನನಗಾಗಿ ಅಷ್ಟು ಹೊತ್ತು ಕಾದದ್ದಿಲ್ಲ!

ಶಾಲೆ ಬಿಟ್ಟಾಗ ತಾಯಿ ಬಂದಳು. ಮಗನನ್ನು ಬೆನ್ನಿಗೇರಿಸಿಕೊಂಡು, ಕೊಡೆಯನ್ನು ಅವನ ಕೈಗೆ ಕೊಟ್ಟು ಹೊರಟಳು. ನಾವೂ ಜತೆಯಾದೆವು. ದಾರಿಯಲ್ಲೊಂದು ಹಳ್ಳ, ಅದಕ್ಕೆ ಮೂರು ಅಡಕೆಮರದ ದಬ್ಬೆ ಕಟ್ಟಿದ ಸಂಕ. ಬರಿಗೈಯಲ್ಲಿ ದಾಟುವಾಗಲೇ ನನ್ನ ಎದೆ ಡವಗುಟ್ಟಿತು. ಆಕೆ ಮಗನನ್ನು ಹೊತ್ತು ದಿನಕ್ಕೆ ಎರಡು ಸಲ ದಾಟುತ್ತಾಳೆ. ಮನೆಯ ಜಗಲಿಯಲ್ಲಿ ಹೊಳೆಯುವ ಗಾಲಿಕುರ್ಚಿಯೊಂದಿತ್ತು. ತಾಲ್ಲೂಕಿನ ತಪಾಸಣಾ ಶಿಬಿರದಲ್ಲಿ ಬಂದದ್ದಂತೆ. ಅದು ಸಂಕವನ್ನು ದಾಟಲಾರದು. ಆದುದರಿಂದ ಅದರ ಮೇಲೆ ಮನೆಯ ಬೆಕ್ಕು ಮಲಗಿತ್ತು.

ಕಾಫಿ ಕುಡಿಯುವಾಗ ಆ ತಾಯಿ ಹೇಳಿದ ಮಾತು ಇದು: “ವರ್ಷ ವರ್ಷ ಅವನ ತೂಕ ಏರ್ತದೆ ಮೇಷ್ಟ್ರೇ, ನನ್ನ ಶಕ್ತಿ ಏರೋದಿಲ್ಲ. ಇನ್ನೊಂದು ಮಳೆಗಾಲ ಹೊತ್ತೇನು. ಆಮೇಲೆ?”

ಈ “ಆಮೇಲೆ” ಎಂಬುದಕ್ಕೆ ಸರಕಾರದ ಕಡತದಲ್ಲಿ ಉತ್ತರವಿದೆ. ಅದರ ಹೆಸರು ಗೃಹಾಧಾರಿತ ಶಿಕ್ಷಣ. ಹಾಸಿಗೆ ಬಿಟ್ಟೇಳಲಾರದ ಮಕ್ಕಳಿಗೆ ಅದು ದೊಡ್ಡ ಉಪಕಾರವೇ ಸರಿ. ಆದರೆ ಶಾಲೆಯಲ್ಲಿ ಕುಳಿತು ಲೆಕ್ಕ ಹೇಳುವ ಹುಡುಗ, ಕೇವಲ ಒಂದು ಹಳ್ಳದ ದೆಸೆಯಿಂದ, ಗೆಳೆಯರನ್ನು ಬಿಟ್ಟು ಜಗಲಿ ಸೇರಬೇಕೆ?

ಕನ್ನಡ ಪಾಠ ಹೇಳುವವನಿಗೆ ಖಜಾನೆಯ ಲೆಕ್ಕದ ಗೊಡವೆ ಏಕೆಂದು ವಾಚಕರು ಕೇಳಬಹುದು. ಆ ರಾತ್ರಿ ಮಿತ್ರನ ಮನೆಯಲ್ಲಿ ಕುಳಿತು ಲೆಕ್ಕ ಹಾಕುವವರೆಗೆ ನಾನೂ ಹಾಗೆಯೇ ತಿಳಿದಿದ್ದೆ. ಗಣಿತ ನನಗೆ ಎಂದೂ ಒಲಿದ ವಿದ್ಯೆಯಲ್ಲ; ಆದರೂ ಈ ಲೆಕ್ಕ ನನಗೂ ಬಂತು.

ಅಂಗವಿಕಲ ಮಕ್ಕಳನ್ನು ಸಾಮಾನ್ಯ ಶಾಲೆಯಲ್ಲೇ ಓದಿಸಬೇಕೆಂಬ ಕೇಂದ್ರ ಸರಕಾರದ ಯೋಜನೆ ೧೯೭೪ರಷ್ಟು ಹಳೆಯದು. ಸರ್ವ ಶಿಕ್ಷಣ ಅಭಿಯಾನ ಬಂದಾಗ ಇಂಥ ಪ್ರತಿ ಮಗುವಿಗೆ ವರ್ಷಕ್ಕೆ ೧೨೦೦ ರೂಪಾಯಿಯ ಮಿತಿ ಇತ್ತು; ಮುಂದೆ ಅದು ೩೦೦೦ ಆಯಿತು. ೨೦೧೮ರಲ್ಲಿ ಹಲವು ಯೋಜನೆಗಳನ್ನು ಒಂದುಗೂಡಿಸಿ ‘ಸಮಗ್ರ ಶಿಕ್ಷಣ’ವನ್ನು ಆರಂಭಿಸಿದಾಗ ೩೫೦೦ ರೂಪಾಯಿಗೆ ಏರಿತು. ಇದರಲ್ಲಿ ನೂರಕ್ಕೆ ಅರವತ್ತು ಪಾಲು, ಎಂದರೆ ೨೧೦೦ ರೂಪಾಯಿ ಕೇಂದ್ರದ್ದು. ಉಳಿದ ೧೪೦೦ ನಮ್ಮ ರಾಜ್ಯದ್ದು. ಹೆಣ್ಣುಮಕ್ಕಳಿಗೆ ತಿಂಗಳಿಗೆ ೨೦೦ರಂತೆ ಹತ್ತು ತಿಂಗಳ ಭತ್ಯೆ ಬೇರೆ. ವಿಶೇಷ ಶಿಕ್ಷಕರ ಸಂಬಳವೂ ಬೇರೆಯ ಬಾಬು.

ಈಗ ಭಾಗಾಕಾರ ಮಾಡೋಣ. ವರ್ಷಕ್ಕೆ ಶಾಲೆಯ ದಿನಗಳು ೨೨೦ ಎಂದಿಟ್ಟುಕೊಂಡರೆ ದಿನಕ್ಕೆ ಹದಿನಾರು ರೂಪಾಯಿಗೂ ಒಂದಿಷ್ಟು ಕಡಿಮೆ. ಸಾಧನ ಸಲಕರಣೆ, ಕಲಿಕೆಯ ಸಾಮಗ್ರಿ, ಪ್ರಯಾಣ, ಜತೆಗೆ ಬರುವವರ ಭತ್ಯೆ, ಎಲ್ಲವೂ ಈ ಮಿತಿಯೊಳಗಿನವೇ. ಬೆಂಗಳೂರಿನ ಬಡಾವಣೆಯ ಮಗುವಿಗೂ ಹದಿನಾರು, ಮಂಡಗದ್ದೆಯ ಕಾಡಂಚಿನ ಮಗುವಿಗೂ ಹದಿನಾರು. ಕಾಗದದ ಮೇಲೆ ಇದು ಪರಮ ಸಮಾನತೆ. ಆದರೆ ಆಳತೆಗೋಲು ಒಂದೇ ಆದ ಮಾತ್ರಕ್ಕೆ ಅಂಗಿ ಎಲ್ಲರಿಗೂ ಸರಿಹೊಂದೀತೆ?

ನಡುಗಡ್ಡೆಯ ಹಕ್ಕಿಗಳನ್ನು ಎಣಿಸುವುದು ಸುಲಭ; ಅವೆಲ್ಲ ಒಂದೆಡೆ ನೆರೆದಿರುತ್ತವೆ. ಕಾವಲುಗಾರನೊಬ್ಬನಿದ್ದರೆ ಸಾಕು, ನೋಡಲೊಂದು ಗೋಪುರವಿದ್ದರೆ ಸಾಕು. ಮಲೆನಾಡಿನ ಮಕ್ಕಳು ಹಾಗಲ್ಲ. ಇಲ್ಲಿ ಊರೆಂದರೆ ಬೀದಿಯಲ್ಲ. ತೋಟಕ್ಕೊಂದು ಮನೆ, ಗುಡ್ಡಕ್ಕೊಂದು ಮನೆ. ವಿಶೇಷ ನೆರವು ಬೇಕಾದ ಮಗು ಈ ಶಾಲೆಯಲ್ಲೊಂದು, ಎರಡು ಗುಡ್ಡದಾಚೆ ಇನ್ನೊಂದು. ತಲೆಯನ್ನಷ್ಟೇ ಎಣಿಸುವ ಸೂತ್ರಕ್ಕೆ ತಲೆಗಳ ನಡುವಿನ ದೂರ ಕಾಣಿಸುವುದಿಲ್ಲ.

ಶಿಕ್ಷಕರ ಲೆಕ್ಕಕ್ಕೂ ಇದೇ ಮಾತು. ೨೦೨೧ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ರಜನೀಶ್ ಕುಮಾರ್ ಪಾಂಡೆ ಅವರ ಮೊಕದ್ದಮೆಯಲ್ಲಿ ಐತಿಹಾಸಿಕವಾದೊಂದು ತೀರ್ಪನ್ನಿತ್ತಿತು. ಅದರ ಬಳಿಕ ಗೊತ್ತುಪಡಿಸಿದ ಪ್ರಮಾಣದಂತೆ ಪ್ರಾಥಮಿಕ ಹಂತದಲ್ಲಿ ಇಂಥ ಹತ್ತು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು. ಪ್ರೌಢ ಹಂತದಲ್ಲಿ ಹದಿನೈದು ಮಕ್ಕಳಿಗೆ ಒಬ್ಬರು. ಕೇಂದ್ರ ಸರಕಾರ ೨೦೨೨ರಲ್ಲಿ ಈ ಪ್ರಮಾಣವನ್ನು ಅಧಿಕೃತವಾಗಿ ಪ್ರಕಟಿಸಿತು. ರಾಜ್ಯಗಳು ಹುದ್ದೆಗಳನ್ನು ಮಂಜೂರು ಮಾಡದೆ ಕಾಲ ತಳ್ಳುತ್ತಿರುವುದನ್ನು ಕಂಡು ೨೦೨೫ರ ಮಾರ್ಚಿಯಲ್ಲಿ ನ್ಯಾಯಾಲಯ ಮತ್ತೆ ಎಚ್ಚರಿಸಬೇಕಾಯಿತು.

ಈ ತೀರ್ಪು ಅಕ್ಷರಶಃ ಜಾರಿಗೆ ಬಂದಿತೆಂದೇ ಭಾವಿಸೋಣ. ಪಟ್ಟಣದ ದೊಡ್ಡ ಶಾಲೆಯೊಂದರಲ್ಲಿ ಹತ್ತು ಮಕ್ಕಳಿದ್ದರೆ ಶಿಕ್ಷಕರು ದಿನವೂ ಹತ್ತು ಮಕ್ಕಳನ್ನೂ ಕಾಣುತ್ತಾರೆ. ಇಲ್ಲಿ ಆ ಹತ್ತು ಮಕ್ಕಳು ಹತ್ತು ಶಾಲೆಗಳಲ್ಲಿರುತ್ತಾರೆ. ಮಳೆಗಾಲದ ದಾರಿಯಲ್ಲಿ ದಿನಕ್ಕೆ ಎರಡು ಶಾಲೆಗಳನ್ನು ಮುಟ್ಟುವುದೇ ಸಾಹಸ. ಅಲ್ಲಿಗೆ ಒಂದು ಮಗುವಿಗೆ ವಾರಕ್ಕೊಂದು ಭೇಟಿ! ಪ್ರಮಾಣ ಒಂದೇ, ತೀರ್ಪು ಒಂದೇ. ಪಟ್ಟಣದ ಮಗುವಿಗೆ ಶಿಕ್ಷಕ, ಹಳ್ಳಿಯ ಮಗುವಿಗೆ ವಾರದ ಅತಿಥಿ. ಸದ್ಯಕ್ಕೆ ತಾಲ್ಲೂಕಿನ ಸಂಪನ್ಮೂಲ ಶಿಕ್ಷಕರ ಸಂಖ್ಯೆ ಬೆರಳೆಣಿಕೆಯದಾದುದರಿಂದ ಆ ಅತಿಥಿಯೂ ಅಪರೂಪವೆಂದು ಮಿತ್ರನು ನಕ್ಕ. ಆ ನಗೆಯಲ್ಲಿ ಸಂತೋಷವಿರಲಿಲ್ಲ.

ಹಣ ಹಂಚುವ ಸೂತ್ರ ತೊಡಕಿನದೆಂಬುದನ್ನು ಒಪ್ಪಬೇಕು. ಶ್ರೀಮಂತ ರಾಷ್ಟ್ರಗಳೂ ಇದರಲ್ಲಿ ಎಡವಿವೆ. ಅಮೆರಿಕದ ಸಂಯುಕ್ತ ಸಂಸ್ಥಾನ ೧೯೭೫ರಲ್ಲಿ ಈ ಮಕ್ಕಳ ಶಿಕ್ಷಣಕ್ಕಾಗಿ ಶಾಸನ ಮಾಡಿತು. ಒಬ್ಬ ವಿದ್ಯಾರ್ಥಿಗೆ ತಗಲುವ ಸರಾಸರಿ ವೆಚ್ಚದ ನೂರಕ್ಕೆ ನಲವತ್ತರಷ್ಟನ್ನು ಕೇಂದ್ರದ ಖಜಾನೆಯಿಂದ ಕೊಡುವ ಗುರಿಯನ್ನು ಇಟ್ಟುಕೊಂಡಿತು. ಅರ್ಧ ಶತಮಾನ ಕಳೆದರೂ ಆ ಗುರಿಯನ್ನು ಮುಟ್ಟಲಿಲ್ಲ. ಅಲ್ಲಿ ಇನ್ನೊಂದು ವಿಚಿತ್ರವೂ ಬೆಳಕಿಗೆ ಬಂತು. ಗುರುತಿಸಿದ ಮಕ್ಕಳ ತಲೆಗಿಷ್ಟೆಂದು ಕೊಟ್ಟರೆ, ಹೆಚ್ಚು ಮಕ್ಕಳಿಗೆ ‘ವಿಶೇಷ’ವೆಂಬ ಚೀಟಿ ಅಂಟಿಸುವ ಆಸೆ ಶಾಲೆಗಳಿಗೆ ಹುಟ್ಟಬಹುದೆಂಬ ಶಂಕೆ ಅದು. ಅದನ್ನು ತಪ್ಪಿಸಲು ೧೯೯೭ರ ತಿದ್ದುಪಡಿಯಲ್ಲಿ ಹೊಸದಾಗಿ ಸೇರುವ ಹಣದ ನೂರಕ್ಕೆ ಎಂಬತ್ತೈದು ಪಾಲನ್ನು ಮಕ್ಕಳ ಒಟ್ಟು ಸಂಖ್ಯೆಯನ್ನೂ, ಹದಿನೈದು ಪಾಲನ್ನು ಬಡತನವನ್ನೂ ನೋಡಿ ಹಂಚುವ ಕ್ರಮವನ್ನು ತಂದರು. ಇದರಿಂದ ಚೀಟಿಯ ಚಪಲ ಅಡಗೀತು. ಆದರೆ ಹೆಚ್ಚಿನ ಆರೈಕೆ ಬೇಕಾದ ಮಕ್ಕಳೇ ಹೆಚ್ಚಾಗಿರುವ ಊರು ಬಡವಾದೀತು. ಯಾವ ಸೂತ್ರವೂ ಮುಗ್ಧವಲ್ಲ. ಒಂದೊಂದೂ ತನ್ನದೇ ಒಂದು ಅನ್ಯಾಯವನ್ನು ಬಗಲಲ್ಲಿಟ್ಟುಕೊಂಡೇ ಬರುತ್ತದೆ.

ಹಾಗೆಂದು ಕೈಕಟ್ಟಿ ಕೂರುವುದು ನಮಗೆ ಒಪ್ಪುವಂಥದಲ್ಲ. ೧೯೦೧ರಷ್ಟು ಹಿಂದೆಯೇ ಮೈಸೂರಿನಲ್ಲಿ ಅಂಧರಿಗೂ ಕಿವುಡರಿಗೂ ಶಾಲೆಯನ್ನು ಕಂಡ ನಾಡು ಇದು. ವಾಕ್ ಶ್ರವಣ ಸಂಸ್ಥೆ ಅದೇ ಮೈಸೂರಿನಲ್ಲಿ ೧೯೬೫ರಲ್ಲಿ ಸ್ಥಾಪಿತವಾಗಿ ದೇಶಕ್ಕೆಲ್ಲ ಹೆಸರಾಯಿತು. ಇಂಥ ವಿಶೇಷ ಶಾಲೆಗಳ ಉಪಯೋಗವನ್ನು ಅಲ್ಲಗಳೆಯುವವನು ನಾನಲ್ಲ. ಕೈಸನ್ನೆಯ ಭಾಷೆ ಕಲಿಯುವ ಮಗುವಿಗೆ ಅದೇ ಭಾಷೆಯ ಗೆಳೆಯರು ಬೇಕು. ಅದಕ್ಕೆ ಆ ಶಾಲೆಯೇ ಊರಾದೀತು. ಆದರೆ ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆ ಒಂದು ದೊಡ್ಡ ಮಾತನ್ನು ಹೇಳುತ್ತದೆ. ನೂರಕ್ಕೆ ನಲವತ್ತಕ್ಕೆ ಕಡಿಮೆಯಿಲ್ಲದ ವೈಕಲ್ಯವಿರುವ, ಆರರಿಂದ ಹದಿನೆಂಟು ವರ್ಷದ ಪ್ರತಿ ಮಗುವಿಗೂ ನೆರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ, ತಾನು ಆಯ್ದ ಕಡೆ, ಉಚಿತವಾಗಿ ಕಲಿಯುವ ಹಕ್ಕುಂಟು. ಅದೇ ಕಾಯಿದೆ ಮಗುವಿಗೂ, ಹೆಚ್ಚಿನ ನೆರವು ಬೇಕಾದಲ್ಲಿ ಜತೆಯವರಿಗೂ ಸಾರಿಗೆಯ ಸೌಕರ್ಯ ಕಲ್ಪಿಸಬೇಕೆಂದು ವಿಧಿಸುತ್ತದೆ. ಆಯ್ಕೆ ಮಗುವಿನದು ಎಂದು ಶಾಸನ ಹೇಳಿ, ಹದಿನಾರು ರೂಪಾಯಿ ಮಾತ್ರ ಕೈಗಿತ್ತರೆ, ಆಯ್ಕೆಯನ್ನು ಮಾಡುವುದು ಮಗುವಲ್ಲ, ಹಳ್ಳ.

ಹಾಗಾದರೆ ಸೂತ್ರ ಹೇಗಿರಬೇಕು? ಮಿತ್ರನೂ ನಾನೂ ಸೀಮೆಸುಣ್ಣದಲ್ಲಿ ಬರೆದು ಅಳಿಸಿ ಕೊನೆಗೆ ಮೂರು ಸಾಲಿಗೆ ನಿಂತೆವು. ಮೊದಲನೆಯದು: ಮಕ್ಕಳು ಎಷ್ಟೇ ಇರಲಿ, ಹೋಬಳಿಗೊಬ್ಬ ವಿಶೇಷ ಶಿಕ್ಷಕರು ಕಾಯಂ ಆಗಿ ಇರಬೇಕು, ಹತ್ತರ ಪ್ರಮಾಣ ಅಲ್ಲಿಂದ ಮುಂದೆ ಆರಂಭವಾಗಲಿ. ಎರಡನೆಯದು: ಕನ್ನಡಕ ಸಾಕಾಗುವ ಮಗುವಿಗೂ, ಹೊತ್ತು ತರಬೇಕಾದ ಮಗುವಿಗೂ ಒಂದೇ ಮೊತ್ತ ಬೇಡ; ಅಗತ್ಯವಿದ್ದಂತೆ ತೂಕವಿರಲಿ. ಮೂರನೆಯದು: ದೂರಕ್ಕೂ ಮಳೆಗೂ ಒಂದು ಪಾಲು. ಮನೆಗೂ ಶಾಲೆಗೂ ನಡುವೆ ಬಸ್ಸು ಬಾರದ ದಾರಿಯಿದ್ದರೆ ಆ ದಾರಿಯ ಖರ್ಚನ್ನು ಮಗುವಿನ ತಲೆಯ ಹಣದಲ್ಲಿ ಸೇರಿಸದೆ ಬೇರೆಯಾಗಿ ಕೊಡಬೇಕು.

ಇದಕ್ಕೆಲ್ಲ ಹಣವೆಲ್ಲಿ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದು ಉಡಾಫೆಯಿಂದ ತಳ್ಳಿಹಾಕುವ ಪ್ರಶ್ನೆಯಲ್ಲ. ಒಬ್ಬ ಖಾಯಂ ಶಿಕ್ಷಕರ ಸಂಬಳ ವರ್ಷಕ್ಕೆ ಹಲವು ಲಕ್ಷಗಳಾಗುತ್ತದೆ. ಆದರೆ ಎಲ್ಲ ಮದ್ದೂ ಹೊಸ ಹಣವನ್ನೇ ಬೇಡುವುದಿಲ್ಲ. ಮಲೆನಾಡು, ಕರಾವಳಿಗಳ ಶಾಲಾಮಕ್ಕಳಿಗಾಗಿಯೇ ಕಾಲುಸಂಕಗಳನ್ನು ಕಟ್ಟುವ ‘ಶಾಲಾ ಸಂಪರ್ಕ ಸೇತು’ ಎಂಬ ಯೋಜನೆಯನ್ನು ನಮ್ಮ ರಾಜ್ಯ ಕೆಲವು ವರ್ಷಗಳ ಹಿಂದೆ ಕೈಗೊಂಡಿತು. ಅದು ಲೋಕೋಪಯೋಗಿ ಇಲಾಖೆಯ ಬಾಬು. ಗಾಲಿಕುರ್ಚಿ ಶಿಕ್ಷಣ ಇಲಾಖೆಯ ಬಾಬು. ಕುರ್ಚಿಯನ್ನು ಕೊಟ್ಟವರಿಗೆ ಹಳ್ಳ ಕಾಣಲಿಲ್ಲ. ಹಳ್ಳವನ್ನು ಅಳೆಯುವವರಿಗೆ ಕುರ್ಚಿ ತಿಳಿಯದು. ಗಾಲಿ ಉರುಳುವಷ್ಟು ಅಗಲದ ಒಂದು ಸಂಕ ಮೊದಲು ಯಾವ ಹಳ್ಳಕ್ಕೆ ಬೀಳಬೇಕೆಂಬುದನ್ನು ಈ ಮಕ್ಕಳ ಪಟ್ಟಿ ನೋಡಿ ನಿರ್ಧರಿಸಿದರೆ ಸಾಕು, ಎರಡು ಇಲಾಖೆಗಳ ಹಣವೂ ಸಾರ್ಥಕವಾದೀತು.

ವಾಚಕರಲ್ಲಿ ಹೆಚ್ಚಿನವರು ಪಟ್ಟಣವಾಸಿಗಳು. ನಿಮ್ಮ ಬೀದಿಯಲ್ಲಿ ಹಳ್ಳವಿರಲಾರದು. ಆದರೆ ಮೂರು ಮೆಟ್ಟಿಲಿನ ಶಾಲೆಯಿರಬಹುದು, ಗಾಲಿ ಹೋಗದ ಶೌಚಾಲಯವಿರಬಹುದು, “ನಿಮ್ಮ ಮಗುವನ್ನು ಬೇರೆ ಕಡೆ ಸೇರಿಸಿ” ಎನ್ನುವ ಸೌಮ್ಯವಾದ ಸಲಹೆಯಿರಬಹುದು. ಪಾಲಕರ ಸಭೆಯಲ್ಲಿ ಶುಲ್ಕದ ಬಗೆಗೂ ಸಮವಸ್ತ್ರದ ಬಗೆಗೂ ಮಾತನಾಡುವ ನಾವು, ಈ ಮಕ್ಕಳಿಗೆಂದು ಎಷ್ಟು ಬಂತು, ಯಾವುದಕ್ಕೆ ವೆಚ್ಚವಾಯಿತು ಎಂದು ಒಂದು ಸಲವಾದರೂ ಕೇಳಿದ್ದೇವೆಯೆ? ಕೇಳುವವರು ಆ ಮಕ್ಕಳ ತಾಯಂದಿರು ಮಾತ್ರವಾಗಿದ್ದರೆ ಸ್ವರ ಕ್ಷೀಣವಾಗುತ್ತದೆ. ಅವರ ಬೆನ್ನ ಮೇಲೆ ಮೊದಲೇ ಭಾರವಿದೆ.

ಮರುದಿನ ಮಂಡಗದ್ದೆಯಲ್ಲಿ ಬಸ್ಸಿಗೆ ಕಾಯುತ್ತ ನಿಂತಾಗ ತುಂಗೆ ಮೈದುಂಬಿ ಹರಿಯುತ್ತಿದ್ದಳು. ನಡುಗಡ್ಡೆಯ ಅರ್ಧ ನೀರಿನಲ್ಲಿತ್ತು. ಹಕ್ಕಿಗಳು ಮೇಲಿನ ಕೊಂಬೆಗಳಲ್ಲಿ ಮರಿಗಳಿಗೆ ಗುಟುಕು ಕೊಡುತ್ತಿದ್ದವು. ಪಕ್ಕದಲ್ಲಿದ್ದ ಮಿತ್ರ ಅತ್ತ ನೋಡದೆ ಆಕಾಶವನ್ನೇ ನೋಡುತ್ತಿದ್ದ. “ಮಳೆ ಹೀಗೇ ಹಿಡಿದರೆ ಇವತ್ತು ಅವನು ಬರಲಾರ. ನಿನ್ನೆಯ ಲೆಕ್ಕವನ್ನು ನಾಳೆ ಮತ್ತೆ ಹೇಳಿಕೊಡಬೇಕು” ಎಂದ.

ಬರುವ ಜೂನಿನಲ್ಲಿ ಆ ಹುಡುಗನಿಗೆ ಹತ್ತು ತುಂಬುತ್ತದೆ. ಅವನ ತಾಯಿ ತನ್ನ ಲೆಕ್ಕವನ್ನು ಹೇಳಿಯಾಗಿದೆ: ಇನ್ನೊಂದು ಮಳೆಗಾಲ. ನಮ್ಮ ಲೆಕ್ಕ ಅದಕ್ಕೆ ಮೊದಲು ಮುಗಿಯಬೇಕು.