ದಣಿದ ನರಗಳಿಗೆ ಅಂಗಳದ ಮದ್ದು

ತೀರ್ಥಹಳ್ಳಿ, ಹೊಸನಗರ, ಸಾಗರದ ಅಡಿಕೆ ಬೆಳೆಗಾರರನ್ನು ಮಾತನಾಡಿಸಿದರೆ ಎಲೆಚುಕ್ಕೆ ರೋಗದ ಜೊತೆಗೇ ಇನ್ನೊಂದು ದೂರೂ ಕೇಳಿಬರುತ್ತದೆ: ನಿದ್ದೆಯಿಲ್ಲ. ಮಳೆಯ ಸದ್ದಿಗೆ ನಡುರಾತ್ರಿ ಎಚ್ಚರವಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಮತ್ತೆ ಕಣ್ಣು ಮುಚ್ಚುವುದಿಲ್ಲ. ರೋಗದ ಶಿಲೀಂಧ್ರ ಹರಡುವುದೇ ಮಳೆಯಲ್ಲಾದ್ದರಿಂದ ಈ ಭಯ ಅಕಾರಣವಲ್ಲ. ಆದರೆ ಅಪಾಯದ ಗಳಿಗೆಯಲ್ಲಿ ಮಾತ್ರ ಹುರಿಗೊಳ್ಳಬೇಕಾದ ನರವ್ಯವಸ್ಥೆ ತಿಂಗಳುಗಟ್ಟಲೆ ಹಾಗೆಯೇ ನಿಂತರೆ ದಣಿಯದೆ ಇದ್ದೀತೆ?

ಇಂಥ ದಣಿವಿಗೆ ಮನೋವೈದ್ಯರು ‘ಗ್ರೌಂಡಿಂಗ್’ ಎಂಬ ಸರಳ ಅಭ್ಯಾಸಗಳನ್ನು ಸೂಚಿಸುತ್ತಾರೆ. ನಾಳೆಯತ್ತ ಓಡುವ ಮನಸ್ಸನ್ನು ಈ ಗಳಿಗೆಗೆ, ಈ ಜಾಗಕ್ಕೆ ಮರಳಿ ತರುವುದಷ್ಟೇ ಅವುಗಳ ಉದ್ದೇಶ. ಕಾಣುವ ಐದು, ಮುಟ್ಟುವ ನಾಲ್ಕು, ಕೇಳುವ ಮೂರು, ಮೂಸುವ ಎರಡು, ಸವಿಯುವ ಒಂದು ವಸ್ತುವನ್ನು ಮನಸ್ಸಿನಲ್ಲೇ ಎಣಿಸುವುದು ಒಂದು ಕ್ರಮ. ಒಳಗೆಳೆದುದಕ್ಕಿಂತ ನಿಧಾನವಾಗಿ ಉಸಿರನ್ನು ಹೊರಬಿಡುವುದು ಮತ್ತೊಂದು. ನಿಮಿಷಕ್ಕೆ ಆರು ಉಸಿರಿನಷ್ಟು ನಿಧಾನಿಸಿದರೆ, ಹೃದಯದ ಬಡಿತವನ್ನು ತಗ್ಗಿಸುವ ವೇಗಸ್ ನರದ ಹಿಡಿತ ಬಲವಾಗುತ್ತದೆ.

ಮಲೆನಾಡಿಗೆ ಇದು ತೀರಾ ಹೊಸತೇನಲ್ಲ. ಹತ್ತಾರು ಮಂದಿ ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿ ಅಡಿಕೆ ಸುಲಿಯುತ್ತಿದ್ದಾಗ ಕೈಗೊಂದು ಲಯವಿತ್ತು, ಹಸಿ ಅಡಿಕೆಯ ಚೊಗರು ವಾಸನೆಯಿತ್ತು, ಪಕ್ಕದಲ್ಲಿ ಮಾತಿತ್ತು. ಸುಲಿಯುವ ಯಂತ್ರ ಬಂದು ಬೆನ್ನುನೋವು ತಪ್ಪಿದ್ದು ಒಳ್ಳೆಯದೇ. ಆ ಮಾತು ಮಾತ್ರ ಬೇರೆಲ್ಲೂ ನೆಲೆ ಕಂಡುಕೊಳ್ಳಲಿಲ್ಲ.

ಬರಿಗಾಲಲ್ಲಿ ನಡೆದರೆ ಭೂಮಿಯಿಂದ ಎಲೆಕ್ಟ್ರಾನುಗಳು ಹರಿದು ರೋಗ ಕಳೆಯುತ್ತದೆ ಎಂಬ ಪ್ರಚಾರಕ್ಕೆ ಗಟ್ಟಿ ಪುರಾವೆಯಿಲ್ಲ. ಅಂಗಾಲಿಗೆ ನೆಲದ ತಂಪು ತಾಗಿ ಮನಸ್ಸು ಅಲ್ಲಿ ನಿಲ್ಲುವುದಾದರೆ ಅಷ್ಟು ಲಾಭ ಸಾಕು. ಆದರೆ ಅದು ಸಗಣಿ ಸಾರಿಸಿದ ಅಂಗಳದಲ್ಲಿರಲಿ, ಸೊಪ್ಪಿನಬೆಟ್ಟದ ತರಗೆಲೆಯ ಮೇಲೆ ಬೇಡ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ 2019ರಲ್ಲಿ ಸಾಗರದ ಅರಳಗೋಡು ಸುತ್ತ ಹಲವರನ್ನು ಬಲಿ ತೆಗೆದುಕೊಂಡಿತು. ಅದನ್ನು ಹರಡುವ ಉಣುಗುಗಳು ಬೇಸಿಗೆಯಲ್ಲಿ ಕಾದಿರುವುದು ಆ ಎಲೆಗಳಲ್ಲೇ. ನಗರದ ಪುಸ್ತಕಗಳು ಹೇಳುವ ‘ಕಾಡಿನಲ್ಲಿ ಬರಿಗಾಲ ನಡಿಗೆ’ ನಮ್ಮಲ್ಲಿಗೆ ಹೊಂದದು.

ಸಾಲದ ಕಂತು ಉಸಿರಾಟದಿಂದ ತೀರದು ಎಂಬ ಆಕ್ಷೇಪಕ್ಕೆ ನನ್ನ ಸಹಮತವಿದೆ. ತೋಟ ಬೋಳಾಗುತ್ತಿರುವಾಗ ರೈತನಿಗೆ ಬರೇ ಧ್ಯಾನ ಬೋಧಿಸುವುದು ಕ್ರೌರ್ಯ. ಬೆಳೆವಿಮೆ, ಸಂಶೋಧನೆ, ಪರಿಹಾರ ಸರ್ಕಾರದ ಹೊಣೆ. ಆದರೂ ನಿದ್ದೆಗೆಟ್ಟ ತಲೆಯಲ್ಲಿ ಕೈಗೊಂಡ ತೀರ್ಮಾನಗಳು ಎಲ್ಲಿಗೆ ಒಯ್ಯುತ್ತವೆಂಬುದನ್ನು ಬಲ್ಲೆವು. ನಿದ್ರಾಹೀನತೆ, ನಿರಾಸಕ್ತಿ ಎರಡು ವಾರ ಮೀರಿದರೆ ಅಂಗಳದ ಮದ್ದು ಸಾಲದು, ವೈದ್ಯರು ಬೇಕು. ಬದುಕೇ ಬೇಡವೆನಿಸಿದರಂತೂ ಒಂದು ದಿನವೂ ಕಾಯಬಾರದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಅಡಿಕೆ ಮಾರಾಟ ಸಹಕಾರ ಸಂಘಗಳು ಬೆಳೆಗಾರರಿಗೆ ಕೊಡುವ ಪ್ರತಿ ರಸೀದಿಯ ಕೆಳಗೆ ಈ ಐದು ಅಂಕಿಗಳನ್ನು ಅಚ್ಚು ಹಾಕಿಸಲು ಹೆಚ್ಚು ಖರ್ಚೇನೂ ಆಗದು.