ಮುಚ್ಚಿದ ಪೆಟ್ಟಿಗೆಯೊಳಗಿನ ಪಹಣಿ

ಕಲಬುರಗಿ ಜಿಲ್ಲೆಯ ಆಳಂದ ವಿಧಾನಸಭಾ ಕ್ಷೇತ್ರದಲ್ಲಿ 2023ರ ಚುನಾವಣೆಗೆ ಮುನ್ನ, ಮತದಾರರ ಪಟ್ಟಿಯಿಂದ ಹೆಸರು ತೆಗೆಯಬೇಕೆಂದು ಕೋರುವ 6,018 ಅರ್ಜಿಗಳು ಅಂತರಜಾಲದ ಮೂಲಕ ಸಲ್ಲಿಕೆಯಾದವು. ಇವೆಲ್ಲ ‘ನಮೂನೆ 7’ ಎಂಬ ಅರ್ಜಿಗಳು. ಸಂಶಯ ಬಂದು ಅಧಿಕಾರಿಗಳು ಸ್ಥಳ ಪರಿಶೀಲನೆ ನಡೆಸಿದಾಗ ನಿಜವೆಂದು ಕಂಡುಬಂದದ್ದು ಕೇವಲ 24. ಉಳಿದ 5,994 ಅರ್ಜಿಗಳಲ್ಲಿ ಹೆಸರಿಸಲಾದ ಮತದಾರರು ಊರಿನಲ್ಲೇ ಇದ್ದರು. ಯಾರ ಹೆಸರಿನಲ್ಲಿ ಅರ್ಜಿ ಹೋಗಿತ್ತೋ ಅವರಿಗೆ ಅದರ ಸುಳಿವೇ ಇರಲಿಲ್ಲ. ಫೆಬ್ರವರಿಯಲ್ಲಿ ಆಳಂದ ಠಾಣೆಯಲ್ಲಿ ಪ್ರಕರಣ ದಾಖಲಾಯಿತು. ಎರಡೂವರೆ ವರ್ಷಗಳ ನಂತರ, 2025ರ ಸೆಪ್ಟೆಂಬರಿನಲ್ಲಿ ಈ ಸಂಗತಿ ದೇಶಮಟ್ಟದ ವಿವಾದವಾಯಿತು ಮತ್ತು ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡವನ್ನು ರಚಿಸಿತು.

ಇದರಲ್ಲಿ ಯಾವ ಪಕ್ಷದ ಕೈ ಎಷ್ಟು ಎಂಬುದು ತನಿಖೆ ಮತ್ತು ನ್ಯಾಯಾಲಯಗಳಿಗೆ ಬಿಟ್ಟ ವಿಷಯ. ಮಲೆನಾಡಿನ ಓದುಗರು ಗಮನಿಸಬೇಕಾದದ್ದು ಬೇರೆ ಇದೆ. ಅರ್ಜಿ ಹಾಕಲು ಒಂದು ದೂರವಾಣಿ ಸಂಖ್ಯೆ ಸಾಕಾಗಿತ್ತು; ಆ ಸಂಖ್ಯೆ ಅರ್ಜಿದಾರನದ್ದೇ ಎಂದು ಕೇಳುವ ವ್ಯವಸ್ಥೆ ತಂತ್ರಾಂಶದಲ್ಲಿ ಇರಲಿಲ್ಲ. ಈ ದೌರ್ಬಲ್ಯ ಹೊರಗಿನವರಿಗೆ ತಿಳಿದಿತ್ತು, ಒಳಗಿನವರಿಗೆ ತಿಳಿದಿರಲಿಲ್ಲ. ಅಥವಾ ತಿಳಿದೂ ಸರಿಪಡಿಸಲಾಗಿರಲಿಲ್ಲ. ಕೊನೆಗೆ ಮತದಾರನ ಹೆಸರನ್ನು ಉಳಿಸಿದ್ದು ಗಣಕವಲ್ಲ, ಪಟ್ಟಿ ಹಿಡಿದು ಮನೆಬಾಗಿಲಿಗೆ ಹೋಗಿ ಹೆಸರು ಕೂಗಿ ಕರೆದ ಕೆಳಹಂತದ ನೌಕರ. 2025ರಲ್ಲಿ ಚುನಾವಣಾ ಆಯೋಗ ಇಂಥ ಅರ್ಜಿಗಳಿಗೆ ಆಧಾರ್ ಆಧಾರಿತ ವಿದ್ಯುನ್ಮಾನ ಸಹಿಯನ್ನು ಜೋಡಿಸಿತು. ಬೀಗದ ಮೇಲೆ ಇನ್ನೊಂದು ಬೀಗ. ಪೆಟ್ಟಿಗೆಯೊಳಗೆ ಏನಿದೆ ಎಂದು ನೋಡುವ ಹಕ್ಕು ಮಾತ್ರ ಈಗಲೂ ಯಾರಿಗೂ ದೊರೆತಿಲ್ಲ.

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳು ಮಲೆನಾಡಿಗೆ ಎಲ್ಲ ರೀತಿಯಲ್ಲಿಯೂ ತದ್ವಿರುದ್ಧ. ಮರವಿಲ್ಲದ ಕಪ್ಪು ಎರೆಭೂಮಿ, ಮಲೆನಾಡಿನ ಒಂದು ವಾರದ ಮಳೆಯಷ್ಟೂ ಕೆಲವೊಮ್ಮೆ ಬೀಳದ ಮುಂಗಾರು, ಮಹಾರಾಷ್ಟ್ರದಿಂದ ಹರಿದುಬರುವ ಭೀಮೆ, ಕಣ್ಣು ಹಾಯುವವರೆಗೂ ತೊಗರಿ. 2019ರಲ್ಲಿ ಭೌಗೋಳಿಕ ಗುರುತು ಪಡೆದ ‘ಗುಲ್ಬರ್ಗ ತೊಗರಿಬೇಳೆ’ ಈ ಹೊಲಗಳದ್ದೇ. 1948ರವರೆಗೆ ಇದು ನಿಜಾಮರ ಸೀಮೆ, ಆಡಳಿತದ ಭಾಷೆ ಉರ್ದು. 1956ರಲ್ಲಿ ಕನ್ನಡನಾಡಿಗೆ ಸೇರಿದ ಮೇಲೂ ಹಳೆಯ ದಫ್ತರುಗಳನ್ನು ಓದಿಸಲು ರೈತ ಬಲ್ಲವರನ್ನು ಹುಡುಕಿಕೊಂಡು ಹೋಗಬೇಕಾಗಿತ್ತು. ತನ್ನ ಭೂಮಿಯ ಕಾಗದವನ್ನು ತಾನೇ ಓದಲಾರದ ಸ್ಥಿತಿ ಇಲ್ಲಿಯವರಿಗೆ ಹೊಸದಲ್ಲ ಎಂದು ಹೇಳಲು ಈ ಮಾತು.

ಈ ಹಿನ್ನೆಲೆಯಲ್ಲಿಯೇ ‘ಭೂಮಿ’ ಯೋಜನೆಯನ್ನು ನೋಡಬೇಕು. 2000ದ ಸುಮಾರಿಗೆ ಆರಂಭವಾಗಿ ಒಂದೆರಡು ವರ್ಷಗಳಲ್ಲಿ ರಾಜ್ಯದ ಅಂದಿನ 177 ತಾಲ್ಲೂಕುಗಳನ್ನೂ ಮುಟ್ಟಿದ ಈ ಯೋಜನೆ, ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಗ್ರಾಮಲೆಕ್ಕಿಗನ ಕೈಬರಹದ ಪಹಣಿ ಕಾನೂನಿನ ಮಾನ್ಯತೆ ಕಳೆದುಕೊಂಡಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಮುದ್ರಿತ ಪ್ರತಿ ಸಿಗತೊಡಗಿತು. ಇದರಿಂದ ಉಪಕಾರವಾಗಿಲ್ಲ ಎನ್ನುವುದು ಅಪ್ರಾಮಾಣಿಕತೆ. ಲೆಕ್ಕಿಗನ ಮನೆಬಾಗಿಲಲ್ಲಿ ದಿನಗಟ್ಟಲೆ ಕಾಯುತ್ತಿದ್ದವರು ನಾಲ್ಕು ನಿಮಿಷದಲ್ಲಿ ಕಾಗದ ಹಿಡಿದು ಹೊರಬಂದರು. ಆದರೆ ಗಣಕಕ್ಕೆ ಏರಿದ ತಪ್ಪು ಕೈಬರಹದ ತಪ್ಪಿಗಿಂತ ಗಟ್ಟಿಯಾಯಿತು. ಹಿಂದೆ ಲೆಕ್ಕಿಗ ತಪ್ಪು ಬರೆದಿದ್ದರೆ ಊರಿನ ನಾಲ್ವರು ಸೇರಿ ಅವನನ್ನು ಕೇಳಬಹುದಿತ್ತು. ಈಗ ಕಿಟಕಿಯಾಚೆಗಿನ ನೌಕರ, ‘ಸಿಸ್ಟಮ್ ತೆಗೆದುಕೊಳ್ಳುತ್ತಿಲ್ಲ’ ಎಂದರೆ ಮುಂದೆ ಮಾತಿಲ್ಲ. 2007ರಲ್ಲಿ ಸೊಲೊಮನ್ ಬೆಂಜಮಿನ್, ಭುವನೇಶ್ವರಿ ರಾಮನ್ ಮೊದಲಾದ ಸಂಶೋಧಕರು, ಈ ಗಣಕೀಕರಣ ಲಂಚವನ್ನು ನಿವಾರಿಸಲಿಲ್ಲ, ಬೆಂಗಳೂರಿನ ಸುತ್ತ ದೊಡ್ಡ ಭೂವ್ಯವಹಾರದವರಿಗೇ ಹೆಚ್ಚು ಅನುಕೂಲ ಮಾಡಿತು ಎಂದು ವಾದಿಸಿದ್ದರು. ಆ ವಾದದ ಎಲ್ಲವನ್ನೂ ಒಪ್ಪಬೇಕಾಗಿಲ್ಲ. ಹೊಲದ ಅಂಚಿನಲ್ಲಿ ನಿಂತಿದ್ದ ಅಧಿಕಾರ ಮೇಜಿನ ಹಿಂದಕ್ಕೂ, ಮೇಜಿನಿಂದ ದೂರದ ಯಾವುದೋ ಯಂತ್ರದೊಳಕ್ಕೂ ಸರಿಯಿತು ಎಂಬುದನ್ನಂತೂ ಒಪ್ಪಲೇಬೇಕು.

ಪಹಣಿಯ ನಂತರ ಬೆಳೆಯ ಸರದಿ ಬಂತು. 2020ರ ಮುಂಗಾರಿನಿಂದ ರೈತರೇ ಮೊಬೈಲ್ ಹಿಡಿದು ಹೊಲದಲ್ಲಿ ನಿಂತು ಬೆಳೆಯ ಚಿತ್ರ ತೆಗೆದು ‘ಬೆಳೆ ಸಮೀಕ್ಷೆ’ ತಂತ್ರಾಂಶಕ್ಕೆ ಕಳಿಸುವ ಕ್ರಮ ಜಾರಿಗೆ ಬಂದಿದೆ. ರೈತನಿಗೆ ಆಗದಿದ್ದರೆ ಆ ಊರಿನ ಯುವಕನೊಬ್ಬನನ್ನು ಇಲಾಖೆ ನೇಮಿಸುತ್ತದೆ. ಬೆಳೆವಿಮೆ, ಬೆಳೆಹಾನಿ ಪರಿಹಾರ, ಬೆಂಬಲ ಬೆಲೆಯ ಖರೀದಿ ಇವೆಲ್ಲಕ್ಕೂ ಈ ಮಾಹಿತಿಯೇ ಆಧಾರ. ಕಲ್ಪನೆ ಒಳ್ಳೆಯದೇ. ಕಚೇರಿಯಲ್ಲಿ ಕುಳಿತು ಹಿಂದಿನ ವರ್ಷದ ಬೆಳೆಯನ್ನೇ ಪಹಣಿಯ ಕಾಲಂನಲ್ಲಿ ಬರೆಯುತ್ತಿದ್ದ ಪದ್ಧತಿಗಿಂತ ಇದು ಎಷ್ಟೋ ಮೇಲು.

ತೊಡಕು ಇರುವುದು ತೊಗರಿಯ ಸ್ವಭಾವದಲ್ಲಿ. ಆಳಂದದ ರೈತ ಜೂನ್-ಜುಲೈನಲ್ಲಿ ತೊಗರಿ ಬಿತ್ತುವಾಗ ಸಾಲುಗಳ ನಡುವೆ ಹೆಸರನ್ನೋ ಉದ್ದನ್ನೋ ಹಾಕುತ್ತಾನೆ. ಕೆಲವೆಡೆ ಸಜ್ಜೆ, ಎಳ್ಳು. ತೊಗರಿ ಮೊದಲ ಎರಡು ತಿಂಗಳು ಬಲು ನಿಧಾನವಾಗಿ ಬೆಳೆಯುತ್ತದೆ. ಅದು ಬೇರನ್ನು ಆಳಕ್ಕೆ ಇಳಿಸುತ್ತಿರುವ ಆ ಅವಧಿಯಲ್ಲಿ ಎಪ್ಪತ್ತು ದಿನದ ಹೆಸರು ನೆಲವನ್ನು ಮುಚ್ಚಿ, ಕಳೆಯನ್ನು ಅಡಗಿಸಿ, ಹಬ್ಬದ ಖರ್ಚಿಗೆ ನಾಲ್ಕು ಕಾಸು ಕೊಟ್ಟು ಹೋಗುತ್ತದೆ. ಬಳಿಕ ತೊಗರಿ ಹರಡಿಕೊಂಡು ಡಿಸೆಂಬರ್-ಜನವರಿಯಲ್ಲಿ ರಾಶಿಗೆ ಬರುತ್ತದೆ. ಒಂದು ಬೆಳೆ ನೆಟೆರೋಗಕ್ಕೋ ಮಳೆಗೋ ಸಿಕ್ಕಿದರೆ ಇನ್ನೊಂದು ಕೈಹಿಡಿಯುತ್ತದೆ. ಯಾವ ಕೃಷಿ ವಿಶ್ವವಿದ್ಯಾಲಯವೂ ಹುಟ್ಟುವ ಮೊದಲೇ ಕಂಡುಕೊಂಡ ವಿಮೆ ಇದು. ಇಂಥ ಹೊಲದಲ್ಲಿ ಆಗಸ್ಟಿನಲ್ಲಿ ತೆಗೆದ ಚಿತ್ರದಲ್ಲಿ ಕಾಣುವುದು ಹೆಸರು. ಅಕ್ಟೋಬರಿನಲ್ಲಿ ತೆಗೆದರೆ ತೊಗರಿಯೊಂದೇ. ಮಿಶ್ರಬೆಳೆಯನ್ನು ನಮೂದಿಸಲು ಅವಕಾಶವಿದ್ದರೂ, ಯಾವುದಕ್ಕೆ ಎಷ್ಟು ಗುಂಟೆ ಎಂಬ ಲೆಕ್ಕ ಆ ದಿನ ಮೊಬೈಲ್ ಹಿಡಿದವನ ಅಂದಾಜು. ವಿಮೆಗೆ ತೊಗರಿ ಎಂದು ಕಂತು ಕಟ್ಟಿ, ಸಮೀಕ್ಷೆಯಲ್ಲಿ ಹೆಸರು ಎಂದು ದಾಖಲಾದರೆ ಎರಡೂ ತಾಳೆಯಾಗದೆ ಅರ್ಜಿ ತಿರಸ್ಕೃತವಾಗುತ್ತದೆ. ಆಕ್ಷೇಪಣೆಗೆ ಅವಕಾಶವಿದೆ, ನಿಜ. ಆದರೆ ಆ ಅವಧಿ ಯಾವಾಗ ಬಂದು ಯಾವಾಗ ಹೋಯಿತೆಂದು ತಿಳಿಯುವಷ್ಟರಲ್ಲಿ ತೊಗರಿ ಅಡತಿಯವನ ಅಂಗಡಿ ಸೇರಿರುತ್ತದೆ.

ಅಡಿಕೆಯ ಕೆಳಗೆ ಏಲಕ್ಕಿ, ಮರಕ್ಕೆ ಕಾಳುಮೆಣಸು, ನಡುವೆ ಕಾಫಿ, ಬದಿಯಲ್ಲಿ ಬಾಳೆ ಬೆಳೆಯುವ ಮಲೆನಾಡಿನ ತೋಟಿಗನಿಗೆ ಈ ಸಂಕಟವನ್ನು ವಿವರಿಸಬೇಕಾಗಿಲ್ಲ.

2025ರ ಸೆಪ್ಟೆಂಬರಿನ ಕೊನೆಯಲ್ಲಿ ಭೀಮೆ ಉಕ್ಕಿದಾಗ ಅಫಜಲಪುರ, ಜೇವರ್ಗಿಯ ನದೀತೀರದ ಹೊಲಗಳು ನೀರಿನಡಿಯಾದವು. ನದಿಯಿಂದ ದೂರದ ಆಳಂದದಲ್ಲಿಯೂ ಎಡೆಬಿಡದ ಮಳೆಗೆ ತೊಗರಿಯ ಬೇರು ಉಸಿರಾಡಲಾರದೆ ಹೋಯಿತು. ಕೇಂದ್ರದ ಮಾನದಂಡದ ಜೊತೆಗೆ ಹೆಕ್ಟೇರಿಗೆ 8,500 ರೂಪಾಯಿಯನ್ನು ಹೆಚ್ಚುವರಿಯಾಗಿ ಕೊಡುವುದಾಗಿ ರಾಜ್ಯ ಸರ್ಕಾರ ಘೋಷಿಸಿತು. ಆ ಹಣ ರೈತನನ್ನು ತಲುಪುವ ದಾರಿ ಮಾತ್ರ ಒಂದೇ: ‘ಫ್ರೂಟ್ಸ್’ ತಂತ್ರಾಂಶದಲ್ಲಿ ರೈತನ ಗುರುತಿನ ಸಂಖ್ಯೆ, ಅದಕ್ಕೆ ಜೋಡಿಸಿದ ಸರ್ವೆ ನಂಬರು, ಅದಕ್ಕೆ ಜೋಡಿಸಿದ ಆಧಾರ್, ಅದಕ್ಕೆ ಜೋಡಿಸಿದ ಬ್ಯಾಂಕ್ ಖಾತೆ. ನಾಲ್ಕು ಕೊಂಡಿಗಳಲ್ಲಿ ಒಂದು ಕಳಚಿದರೂ ಹಣ ನಿಲ್ಲುತ್ತದೆ. ಪಹಣಿ ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲಿದ್ದರೆ ಮೊಮ್ಮಗ ರೈತನಲ್ಲ. ಲಾವಣಿಗೆ ಹಾಕಿಕೊಂಡು ಉತ್ತು ಬಿತ್ತಿದವನಂತೂ ಈ ಲೆಕ್ಕದಲ್ಲಿ ಹುಟ್ಟಿಯೇ ಇಲ್ಲ. ಬೆಳೆ ಅವನದು, ಹಾನಿ ಅವನದು, ಪರಿಹಾರ ಪಹಣಿಯಲ್ಲಿ ಹೆಸರಿದ್ದವನದು. ಇದು ತಂತ್ರಾಂಶದ ದೋಷವಲ್ಲ, ಕಾನೂನಿನ ದೋಷ ಎಂದು ಅಧಿಕಾರಿಗಳು ಹೇಳುವುದುಂಟು. ಸರಿಯೇ. ಆದರೆ ಹಿಂದೆ ಕಾನೂನಿನ ಈ ಒರಟುತನವನ್ನು ಸ್ಥಳ ಕಂಡ ಮನುಷ್ಯ ಸ್ವಲ್ಪ ಸವರುತ್ತಿದ್ದ, ತಂತ್ರಾಂಶ ಸವರುವುದಿಲ್ಲ.

ಇಲ್ಲಿಯೇ ಮುಕ್ತ ತಂತ್ರಾಂಶದ ಪ್ರಶ್ನೆ ಏಳುತ್ತದೆ. ಇಂಗ್ಲಿಷಿನಲ್ಲಿ ‘ಫ್ರೀ’ ಎಂಬ ಒಂದೇ ಪದ ಎರಡು ಅರ್ಥ ಕೊಟ್ಟು ಗೊಂದಲ ಹುಟ್ಟಿಸುತ್ತದೆ. ಕನ್ನಡದಲ್ಲಿ ಆ ತೊಂದರೆಯಿಲ್ಲ: ಉಚಿತ ಬೇರೆ, ಮುಕ್ತ ಬೇರೆ. ಬೆಳೆ ಸಮೀಕ್ಷೆಯ ತಂತ್ರಾಂಶ ಉಚಿತ, ಮುಕ್ತವಲ್ಲ. ಮುಕ್ತವೆಂದರೆ ಅದರ ಮೂಲಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಪ್ಪನ್ನು ತೋರಿಸಬಹುದು, ತಿದ್ದಿ ಹಂಚಿಕೊಳ್ಳಬಹುದು. ರೈತರಿಗೆ ಇದು ಅಪರಿಚಿತ ತತ್ತ್ವವಲ್ಲ. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ, ಬೀಜವನ್ನು ಉಳಿಸಿಕೊಳ್ಳುವ, ಬಿತ್ತುವ, ವಿನಿಮಯ ಮಾಡುವ, ಬ್ರಾಂಡಿನ ಹೆಸರಿಲ್ಲದೆ ಮಾರುವ ಹಕ್ಕನ್ನು ರೈತನಿಗೆ ಕೊಟ್ಟಿದೆ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ‘ಗ್ನೂ’ ಯೋಜನೆಯನ್ನು ಪ್ರಕಟಿಸಿದಾಗ ಕೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಅಮೆರಿಕದ ಕೊಲೊರಾಡೊ ರಾಜ್ಯ 2023ರಲ್ಲಿ ಟ್ರ್ಯಾಕ್ಟರ್ ದುರಸ್ತಿಯ ಹಕ್ಕಿನ ಕಾನೂನು ಮಾಡಬೇಕಾಗಿ ಬಂದದ್ದು, ಸ್ವಂತ ಯಂತ್ರದೊಳಗಿನ ತಂತ್ರಾಂಶಕ್ಕೆ ಬೀಗ ಬಿದ್ದು ರೈತ ತನ್ನ ಟ್ರ್ಯಾಕ್ಟರನ್ನು ತಾನೇ ರಿಪೇರಿ ಮಾಡಲಾಗದೆ ಹೋದದ್ದರಿಂದ.

ಸರ್ಕಾರದ ನೀತಿಯೂ ಕಾಗದದ ಮೇಲೆ ಮುಕ್ತತೆಯ ಪರವಾಗಿಯೇ ಇದೆ. ಆಡಳಿತದಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡಬೇಕೆಂಬ ನೀತಿಯನ್ನೂ, ಸರ್ಕಾರಿ ತಂತ್ರಾಂಶಗಳ ಮೂಲಸಂಕೇತವನ್ನು ತೆರೆದಿಡುವ ಇನ್ನೊಂದು ನೀತಿಯನ್ನೂ ಕೇಂದ್ರ 2015ರಲ್ಲಿ ಪ್ರಕಟಿಸಿದೆ. 2020ರಲ್ಲಿ ‘ಆರೋಗ್ಯ ಸೇತು’ವಿನ ಬಗ್ಗೆ ಗದ್ದಲ ಎದ್ದಾಗ ಎರಡು ತಿಂಗಳೊಳಗೆ ಅದರ ಆಂಡ್ರಾಯ್ಡ್ ಆವೃತ್ತಿಯ ಸಂಕೇತ ಹೊರಬಂತು. ನಗರದವರು ಕೂಗಿದರೆ ಬಾಗಿಲು ತೆರೆಯುತ್ತದೆ ಎಂದಾಯಿತು. ನೆರೆಯ ಕೇರಳ ತನ್ನ ಶಾಲೆಗಳನ್ನು ಎರಡು ದಶಕಗಳ ಹಿಂದೆಯೇ ಮುಕ್ತ ತಂತ್ರಾಂಶಕ್ಕೆ ಒಯ್ದಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಗಣಕ ಕಲಿಯುತ್ತಿದ್ದಾರೆ. ಕರ್ನಾಟಕದ ಮಕ್ಕಳಿಗೆ ತಂತ್ರಾಂಶವೆಂದರೆ ಕಂಪನಿ ಕೊಡುವ ವಸ್ತು. ತಂತ್ರಜ್ಞಾನದ ರಾಜಧಾನಿಯನ್ನು ಹೊಂದಿರುವ ರಾಜ್ಯದ ಸ್ಥಿತಿ ಇದು.

ಮೂಲಸಂಕೇತ ತೆರೆದಿದ್ದರೆ ಆಳಂದದ ಮೋಸ ನಡೆಯುತ್ತಿರಲಿಲ್ಲವೇ? ಹಾಗೆಂದು ಖಂಡಿತ ಹೇಳಲಾಗದು. ಮುಕ್ತ ತಂತ್ರಾಂಶ ಮಂತ್ರದಂಡವಲ್ಲ, ಅದನ್ನು ಓದಬಲ್ಲವರು ಜೇವರ್ಗಿಯಲ್ಲಿ ಎಷ್ಟು ಮಂದಿ ಎಂದು ಕೇಳುವವರ ಪ್ರಶ್ನೆಯಲ್ಲಿಯೂ ಹುರುಳಿದೆ. ಆದರೆ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ, 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಸುತ್ತಲಿನ ಕಾಲೇಜುಗಳಲ್ಲಿ ಗಣಕ ವಿಜ್ಞಾನ ಓದುವ ರೈತರ ಮಕ್ಕಳಿದ್ದಾರೆ. ಅರ್ಜಿ ಯಾವ ನಿಯಮದಡಿ ತಿರಸ್ಕೃತವಾಯಿತು ಎಂಬುದನ್ನು ಅವರಲ್ಲಿ ಒಬ್ಬ ಓದಿ ಕನ್ನಡದಲ್ಲಿ ಬರೆದು ಪಂಚಾಯಿತಿಯ ಗೋಡೆಗೆ ಅಂಟಿಸಿದರೂ ಸಾಕು. ಈಗ ಅದನ್ನು ಓದಬಲ್ಲವನಿಗೂ ಓದಲು ಏನೂ ಇಲ್ಲ.

ಗೋಡೆಯ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಫಲಾನುಭವಿಗಳ ಪಟ್ಟಿಯನ್ನು ಬಹಿರಂಗವಾಗಿ ಕೇಳಿ ಪಡೆಯುವ ಶಕ್ತಿ ಜನರಿಗೆ ಬಂದದ್ದು 2005ರ ಮಾಹಿತಿ ಹಕ್ಕು ಕಾಯಿದೆಯಿಂದ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಅದರ 8(1)(ಜೆ) ವಿಧಿಯನ್ನು ತಿದ್ದಿದೆ. 2025ರ ನವೆಂಬರಿನಲ್ಲಿ ಈ ತಿದ್ದುಪಡಿ ಜಾರಿಗೆ ಬಂದ ಮೇಲೆ, ‘ವೈಯಕ್ತಿಕ ಮಾಹಿತಿ’ ಎಂಬ ಒಂದೇ ಮಾತಿನಿಂದ ಅರ್ಜಿಯನ್ನು ತಳ್ಳಿಹಾಕುವುದು ಸುಲಭವಾಗಿದೆ. ರೈತನ ಭೂಮಿ, ಬೆಳೆ, ಸಾಲದ ವಿವರಗಳೆಲ್ಲ ಸರ್ಕಾರದ ಕೈಯಲ್ಲಿ ಒಟ್ಟಾಗುತ್ತಿರುವ ಕಾಲದಲ್ಲಿಯೇ ರೈತ ಮರಳಿ ಪ್ರಶ್ನಿಸುವ ದಾರಿ ಕಿರಿದಾಗುತ್ತಿದೆ. 2021ರಲ್ಲಿ ಕೇಂದ್ರ ಕೃಷಿ ಇಲಾಖೆ ಆರು ರಾಜ್ಯಗಳ 100 ಹಳ್ಳಿಗಳಲ್ಲಿ ಪ್ರಯೋಗ ನಡೆಸಲು ಮೈಕ್ರೊಸಾಫ್ಟ್ ಜೊತೆ ಒಪ್ಪಂದ ಮಾಡಿಕೊಂಡಾಗ ಹಲವು ರೈತ ಮತ್ತು ನಾಗರಿಕ ಸಂಘಟನೆಗಳು ವಿರೋಧಿಸಿದ್ದು ಇದೇ ಆತಂಕದಿಂದ.

ಮಲೆನಾಡು ಇದನ್ನು ಬೇರೊಂದು ರೂಪದಲ್ಲಿ ಈಗಾಗಲೇ ಅನುಭವಿಸಿದೆ. ಕಸ್ತೂರಿರಂಗನ್ ಸಮಿತಿ 2013ರಲ್ಲಿ ಉಪಗ್ರಹ ಚಿತ್ರಗಳ ಆಧಾರದ ಮೇಲೆ ಕರ್ನಾಟಕದ 20,668 ಚದರ ಕಿಲೋಮೀಟರನ್ನು ಪರಿಸರ ಸೂಕ್ಷ್ಮವೆಂದು ಗುರುತಿಸಿತು. ಪಶ್ಚಿಮಘಟ್ಟವನ್ನು ಉಳಿಸಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ತನ್ನ ಊರು ಪಟ್ಟಿಯಲ್ಲಿ ಏಕಿದೆ, ಪಕ್ಕದ ಊರು ಏಕಿಲ್ಲ ಎಂದು ಕೇಳಿದ ಹಳ್ಳಿಗನಿಗೆ ಸಿಕ್ಕಿದ್ದು ಊರಿನ ಹೆಸರು ಮಾತ್ರ, ಲೆಕ್ಕವಲ್ಲ. ಗ್ರಾಮಸಭೆಯಲ್ಲಿ ಚರ್ಚೆಯಾಗಬೇಕಿದ್ದ ನಕ್ಷೆ ವದಂತಿಯಾಗಿ ಊರಿಗೆ ಬಂತು. ಕಾಡಿನ ಪರ ನಿಲ್ಲಬಹುದಾಗಿದ್ದವರೂ ವಿರೋಧಿಗಳಾದರು.

ಈ ಮಳೆಗಾಲದಲ್ಲಿ ಮಲೆನಾಡಿನ ಕಾಲೇಜು ವಿದ್ಯಾರ್ಥಿಗಳು ಮಾಡಬಹುದಾದ ಒಂದು ಸಣ್ಣ ಕೆಲಸವಿದೆ. ಸರ್ವೆ ನಂಬರುಗಳ ಗಡಿಯನ್ನು ತೋರಿಸುವ ಸರ್ಕಾರದ ‘ದಿಶಾಂಕ್’ ಮೊಬೈಲಿನಲ್ಲಿಯೇ ಸಿಗುತ್ತದೆ. ‘ಕ್ಯೂಜಿಐಎಸ್’ ಎಂಬ ನಕ್ಷೆಯ ತಂತ್ರಾಂಶ ಉಚಿತವೂ ಹೌದು, ಮುಕ್ತವೂ ಹೌದು. ಊರಿನ ಸೊಪ್ಪಿನಬೆಟ್ಟ, ಕಾನು, ಗೋಮಾಳ, ಹಳ್ಳಗಳನ್ನು ಹಿರಿಯರೊಡನೆ ನಡೆದು ಗುರುತಿಸಿ, ಆ ಗುರುತನ್ನು ಸರ್ಕಾರದ ಗಡಿಯ ಮೇಲೆ ಇಟ್ಟು ನೋಡಿ, ಎಲ್ಲಿ ತಾಳೆಯಾಗುವುದಿಲ್ಲವೋ ಅದನ್ನು ದೊಡ್ಡ ಕಾಗದದಲ್ಲಿ ಮುದ್ರಿಸಿ ಮುಂದಿನ ಗ್ರಾಮಸಭೆಯಲ್ಲಿ ಹರಡಬಹುದು. ಬೆಳೆ ಸಮೀಕ್ಷೆಗೆ ಬರುವ ಯುವಕನಿಗೂ ಅದರ ಒಂದು ಪ್ರತಿ ಕೊಡಬೇಕು. ತೋಟದಲ್ಲಿ ಅಡಿಕೆಯ ಜೊತೆಗೆ ಏನೇನಿದೆ ಎಂದು ಅವನಿಗೂ ಆಗ ತಿಳಿಯುತ್ತದೆ.